ಶಾವಿಗೆ ಎಷ್ಟು ಉದ್ದವಿರಬೇಕು?

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಜೂಲಿಯಾ ಮೊದಲ ಸಲ ನಮ್ಮ ತಾರಸಿಗೆ ಬಂದಾಗ ಹಳದಿ ಸಲ್ವಾರ್ ಹಾಕಿದ್ದಳೆಂದು ನನ್ನ ನೆನಪು. ಅಂದಿನ ದಿನಚರಿ ನೀಲಿ ಎನ್ನುತ್ತದೆ. ದಿನಚರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಶಾವಿಗೆಯ ವಿಷಯದಲ್ಲಿ ಮಾತ್ರ ಎರಡೂ ಒಂದೇ ಮಾತು ಹೇಳುತ್ತವೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ಸಂಶೋಧನೆಗೆಂದು ಕಾಶಿಗೆ ಬಂದು, ಜಂಗಮವಾಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಧಾರವಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಅತ್ತೆ ಪ್ರತಿ ಬೇಸಿಗೆಯಲ್ಲಿ ಗೋಧಿ ಶಾವಿಗೆ ಹೊಸೆದು, ಕೋಲಿನ ಮೇಲೆ ಇಳಿಬಿಟ್ಟು, ಬಡಿಗೆ ಹಿಡಿದು ಕೋತಿ ಕಾಯುತ್ತ ಕೂರುತ್ತಿದ್ದರು. ಒಂದು ಕಾಲಕ್ಕೆ ಓಣಿಯ ಕನ್ನಡ ಮನೆಗಳೆಲ್ಲ ಒಯ್ಯುತ್ತಿದ್ದವಂತೆ. ನಾನು ಬರುವ ಹೊತ್ತಿಗೆ ಕೇಳಿ ಬರುವವರು ಮೂರೇ ಮನೆಯವರು. ಉಳಿದ ಮನೆಗಳ ಮಕ್ಕಳಿಗೆ ಎರಡು ನಿಮಿಷದ ನೂಡಲ್ಸ್ ಬೇಕು. ಅತ್ತೆಯ ಮೊಮ್ಮಗಳು ಪಿಂಕಿಯಂತೂ, "ದಾದೀ, ಬಂದರೋಂ ಕೇ ಲಿಯೇ ಬನಾ ರಹೀ ಹೋ?" ಎಂದು ಛೇಡಿಸುತ್ತಿದ್ದಳು, ಕೋತಿಗಳಿಗೆಂದೇ ಮಾಡುತ್ತಿದ್ದೀಯಾ ಎಂದು.

"ಹೌದವಾ, ಅವಕ್ಕರ ರುಚಿ ಗೊತ್ತದ," ಎನ್ನುತ್ತಿದ್ದರು ಅತ್ತೆ. ಆದರೆ ಆ ವರ್ಷ ನನ್ನೆದುರು ಬೇರೆಯೇ ಹೇಳಿದರು: "ಮುಂದಿನ ವರ್ಷ ಶಾವಿಗಿ ಮಣಿ ಎತ್ತಿಟ್ಟಬಿಡ್ತೀನಿ. ಮೂರು ಮನಿಗೆ ಯಾಕ ಈ ಬಿಸಲಾಗ ಕೂಡ್ಬೇಕು?"

ಜೂಲಿಯಾ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಇಟಲಿಯ ಹುಡುಗಿ, ತಬಲಾ ಕಲಿಯುತ್ತಿದ್ದಳು. ಕೋಲುಗಳಿಂದ ಇಳಿಬಿದ್ದ ಶಾವಿಗೆ ಕಂಡು ನಿಂತೇಬಿಟ್ಟಳು. ಅವಳ ಅಪ್ಪನೂ ಒಂದು ಪುಟ್ಟ ಊರಿನಲ್ಲಿ ತಾತನ ಕಾಲದ ಕಂಚಿನ ಅಚ್ಚಿನಲ್ಲಿ ಪಾಸ್ತಾ ಒತ್ತಿ, ಹೀಗೇ ಕೋಲಿಗೆ ಹಾಕಿ, ನಿಧಾನವಾಗಿ ಒಣಗಿಸುತ್ತಾನಂತೆ. ಈಗ ಊರಿನಲ್ಲೇ ಕೊಳ್ಳುವವರಿಲ್ಲ. ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಎಳೆಯರು ಮಧ್ಯಾಹ್ನದ ಊಟಕ್ಕೆ ಮನೆಗೇ ಬರುವುದಿಲ್ಲ. ಜಪಾನು, ಅಮೆರಿಕದವರು ತರಿಸಿಕೊಳ್ಳುವುದರಿಂದ ಬಾಗಿಲು ತೆರೆದಿದೆ. ಭಾರತದವರೂ ತಿಂದಾರೇ ನೋಡು ಎಂದು ಮಗಳಿಗೆ ಒಂದು ಪೆಟ್ಟಿಗೆ ಕಳಿಸಿದ್ದ.

ಅತ್ತೆ ಆ ಮೊಳದುದ್ದದ ಪಾಸ್ತಾವನ್ನು ಸೌದೆಯಂತೆ ಹಿಡಿದು ಪಟಪಟ ಮುರಿದರು. ಜೂಲಿಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಸಾಸಿವೆ, ಹಸಿಮೆಣಸಿನ ಒಗ್ಗರಣೆಯಲ್ಲಿ ಅದು ಉಪ್ಪಿಟ್ಟಾಯಿತು, ಮೇಲೆ ನಿಂಬೆಹಣ್ಣು. ಅವಳು ಎರಡು ಸಲ ಹಾಕಿಸಿಕೊಂಡಳು.

"ಅಪ್ಪನಿಗೆ ಏನು ಬರೆಯಲಿ?" ಎಂದು ಹಿಂದಿಯಲ್ಲಿ ಕೇಳಿದಳು.

"ರುಚಿ ಛಲೋ ಅದ. ಆದ್ರ ಇಷ್ಟುದ್ದ ಯಾರು ತಿಂತಾರ? ಮುರದು ಕಳಸು ಅಂತ ಬರಿ ಅನ್ನು. ಕೊಳ್ಳಾವ್ರ ಬಾಯಿ ನೋಡಿ ಮಾಡಬೇಕವಾ."

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಉದ್ದವೇ ಅಪ್ಪನ ಹೆಮ್ಮೆ, ಮುರಿದದ್ದನ್ನು ಕೋಳಿಗೆ ಹಾಕುತ್ತಾನೆ ಎಂದಳು ಜೂಲಿಯಾ. ಅತ್ತೆ ಬಿದ್ದು ಬಿದ್ದು ನಕ್ಕರು: "ಹಂಗಾದ್ರ ನಾವು ಕೋಳಿ ಆದ್ವಿ ನೋಡು!"

ಆ ವಾರ ಗ್ರಂಥಾಲಯದಲ್ಲಿ ನನ್ನ ವಿಷಯ ಬಿಟ್ಟು ಪಾಸ್ತಾದ ಮೂಲ ಹುಡುಕುತ್ತ ಕುಳಿತೆ. ಚೀನಾದಿಂದ ಬಂತೆಂದು ಕೆಲವರು, ಅರಬ್ಬರು ತಂದರೆಂದು ಕೆಲವರು, ಜಗಳ ಮುಗಿದಿಲ್ಲ. ಅದರ ಮೇಲೆ ಸುರಿಯುವ ಟೊಮೆಟೊ ಕೂಡ ಇಟಲಿಯದಲ್ಲ. ನಾವಾದರೂ ಏಕಾದಶಿಗೆ ಮಡಿಯಲ್ಲಿ ತಿನ್ನುವ ಆಲೂಗಡ್ಡೆ ಸಮುದ್ರ ದಾಟಿ ಬಂದದ್ದೇ. ಪರವೂರಿಗೆ ಹೋದ ತಿನಿಸು ಅಲ್ಲಿಯ ಬಾಯಿಗೆ ತಕ್ಕಂತೆ ಬದಲಾಗುತ್ತದೆ ಎಂದು ಟಿಪ್ಪಣಿ ಬರೆದುಕೊಂಡೆ. ಬೇರೆಯವರ ಅಪ್ಪನ ವಿಷಯದಲ್ಲಿ ಹೀಗೆ ಬರೆಯುವುದು ಸುಲಭ.

ಏಕೆಂದರೆ ಮರುವಾರವೇ ನಮ್ಮ ವಿಶ್ವವಿದ್ಯಾಲಯದ ಬಳಿಯ ಲಂಕಾ ಪೇಟೆಯ ಕಿರಾಣಿ ಅಂಗಡಿಯವನು, ನಾನು ಮಾದರಿಗೆಂದು ಕೊಟ್ಟಿದ್ದ ಅತ್ತೆಯ ಶಾವಿಗೆ ತಿಂದು ನೋಡಿ ಹೇಳಿದ, ಎಷ್ಟು ಮಾಡಿದರೂ ಕೊಳ್ಳುತ್ತೇನೆ, ಬೆರಳುದ್ದ ಕತ್ತರಿಸಿ, ಜೊತೆಗೊಂದು ಮಸಾಲೆ ಪುಡಿಯ ಪೊಟ್ಟಣ ಇಟ್ಟರೆ ಸಾಕು, ಹಾಸ್ಟೆಲ್ ಹುಡುಗರು ಮುಗಿಬೀಳುತ್ತಾರೆ ಎಂದು.

ತಾರಸಿಗೆ ಓಡಿಬಂದು ಹೇಳಿದೆ. ಅತ್ತೆ ಕೋಲಿನ ಮೇಲಿನ ಎಳೆಗಳನ್ನು ತುಂಡಾಗದಂತೆ ಒಂದೊಂದಾಗಿ ಬಿಡಿಸುತ್ತಿದ್ದರು.

"ಅತ್ತೀ, ಮುರದು, ಮಸಾಲಿ ಇಟ್ಟು ಕೊಡ್ತೀರೇನು? ಅವಂಗ ಏನ್ ಹೇಳ್ಲಿ?"

ಅತ್ತೆ ಬಡಿಗೆ ಎತ್ತಿಕೊಂಡು, "ಹೋಯ್! ಹೋಯ್!" ಎನ್ನುತ್ತ ತಾರಸಿಯ ಆ ತುದಿಗೆ ಹೋದರು. ಅಲ್ಲಿ ಕೋತಿ ಇತ್ತೇ ಇಲ್ಲವೇ ನನಗೆ ನೆನಪಿಲ್ಲ. ದಿನಚರಿಯಲ್ಲೂ ಕೋತಿಯ ಸುದ್ದಿಯಿಲ್ಲ. ನಾನು ಕೇಳಿದ ಪ್ರಶ್ನೆ ಮಾತ್ರ ಇದೆ. ಅದರ ಕೆಳಗೆ, ಉತ್ತರಕ್ಕೆಂದು ಬಿಟ್ಟ ಒಂದು ಸಾಲು ಈಗಲೂ ಖಾಲಿ.