ಐದನೇ ಇಯತ್ತೆಗೆ ಬಂದ ಕೊರಿಯಾದ ಅತಿಥಿ

ಬಾದಾಮಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಐದನೇ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಪಾಠ ಓದುತ್ತಿದ್ದೆ, ಅರ್ಥ ಹೇಳುತ್ತಿದ್ದೆ, ಶಬ್ದಗಳನ್ನು ಹತ್ತು ಹತ್ತು ಸಲ ಬರೆಸುತ್ತಿದ್ದೆ. ಆದರೆ ಯಾರ ಜೊತೆಗೂ ಇಂಗ್ಲಿಷಿನಲ್ಲಿ ಮಾತಾಡಿದವಳಲ್ಲ. ಈ ಗುಟ್ಟು ಹೊರಬೀಳಬಾರದೆಂದು ಬಹಳ ಗತ್ತಿನಿಂದ ಇರುತ್ತಿದ್ದೆ. ಗತ್ತು ಹೆಚ್ಚಿದ್ದಷ್ಟೂ ಮಕ್ಕಳ ಪ್ರಶ್ನೆ ಕಡಿಮೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಹೆಡ್‌ಮಾಸ್ತರು ನೇರ ನನ್ನ ವರ್ಗಕ್ಕೆ ಬಂದರು.

"ಅಕ್ಕೋರ, ಲಾಡ್ಜಿನ್ಯಾಗ ಒಬ್ಬರು ಫಾರಿನ್ ಹೆಣ್ಣಮಗಳು ಇಳದಾರ್ರಿ. ಗವಿ ಕಂಬದ ಚಿತ್ರಾ ತಗೀತಾರಂತ. ನಾಳೆ ಕರ್ಕೊಂಡು ಬರ್ತೇನಿ. ನೀವು ಅವರ ಕೂಡ ಇಂಗ್ಲಿಷ್‌ನ್ಯಾಗ ಮಾತಾಡ್ರಿ, ಹುಡುಗರು ಕೇಳ್ಲಿ."

ಫಾರಿನ್ ಎಂದರೆ ಇಂಗ್ಲಿಷ್ ಎಂಬುದು ಅವರ ಲೆಕ್ಕ. ಇಡೀ ಊರಿನ ಲೆಕ್ಕವೂ ಅದೇ ಆಗಿತ್ತು. ಮರುದಿನ ಐದು ವಾಕ್ಯ ಬಾಯಿಪಾಠ ಮಾಡಿಕೊಂಡು ಶಾಲೆಗೆ ಹೋದೆ.

ಬಂದವರು ಕೊರಿಯಾದವರು. ಬಾಗಿಲಲ್ಲೇ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ನಾನು ಬಾಯಿಪಾಠದ ಮೊದಲ ವಾಕ್ಯ ಒಪ್ಪಿಸಿದೆ. ಅವರು ನಕ್ಕು, ಚೀಲದಿಂದ ಪುಟ್ಟ ಡಿಕ್ಷನರಿ ತೆಗೆದು ಹಾಳೆ ಮಗುಚತೊಡಗಿದರು. ನನಗಾದ ಸಂತೋಷ ಹೇಳತೀರದು. ಅವರದ್ದೂ ನನ್ನದೇ ಪಾಡು!

ಹಿಂದಿನ ಬೆಂಚಿನಲ್ಲಿ ಕೂತ ಹೆಡ್‌ಮಾಸ್ತರು ಕಾಯುತ್ತಿದ್ದರು. ಮಾತು ಬೇಡ, ಬರವಣಿಗೆಯೇ ವಾಸಿ ಎಂದು ಬೋರ್ಡಿನ ಮೇಲೆ 'ನಾನು ಅನ್ನ ಉಣ್ಣುತ್ತೇನೆ' ಎಂದು ಬರೆದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ 'ಐ ಈಟ್ ರೈಸ್' ಎಂದು ಬರೆದು ಸೀಮೆಸುಣ್ಣ ಅವರಿಗೆ ಕೊಟ್ಟೆ. ಅವರು ಗೆರೆ, ಸೊನ್ನೆ ಕೂಡಿಸಿದಂಥ ತಮ್ಮ ಅಕ್ಷರ ಬರೆದರು. ಪ್ರತಿ ಶಬ್ದ ಮುಟ್ಟಿ, ಮೊದಲು ತಮ್ಮನ್ನು ತೋರಿಸಿಕೊಂಡರು. ಆಮೇಲೆ ಕೈಯಲ್ಲೇ ಬಟ್ಟಲು ಮಾಡಿದರು, ಕಡೆಗೆ ತುತ್ತು ಬಾಯಿಗಿಟ್ಟರು.

ಮುಂದಿನ ಸಾಲಿನ ಹುಡುಗಿಯೊಬ್ಬಳು, ಕುರಿ ಸಾಕುವವರ ಮನೆಯವಳು, ಎದ್ದು ನಿಂತಳು. "ಅಕ್ಕೋರ, ಇವರೂ ನಮ್ಮಂಗ ಕಡೀಕ ಉಣ್ತಾರ್ರಿ! ಇಂಗ್ಲಿಷ್‌ನವರು ಮೊದಲ ಉಂಡು ಆಮ್ಯಾಲ ಏನು ಉಂಡ್ವಿ ಅಂತ ನೋಡ್ತಾರ!"

ವರ್ಗ ಹೋ ಎಂದಿತು. ವರ್ಷವಿಡೀ ನಾನು ಬರೆಸಿ ಬರೆಸಿ ತಿಳಿಸಲಾಗದ ವಾಕ್ಯದ ಕ್ರಮವನ್ನು ಆ ಹುಡುಗಿ ಒಂದೇ ಉಸಿರಿಗೆ ಹೇಳಿದ್ದಳು. ಅತಿಥಿಗೂ ಹುರುಪು ಬಂತು. ಎಲ್ಲರಿಗಿಂತ ಸಣ್ಣ ಹುಡುಗನ ಕಡೆ ತಿರುಗಿ, ಬಾ ಎಂಬಂತೆ ಕೈಮಾಡಿ ಒಂದು ಮಾತಂದರು. ಅದೇ ಮಾತನ್ನು ಹೆಡ್‌ಮಾಸ್ತರಿಗೆ ಹೇಳುವಾಗ ತಲೆ ಬಾಗಿಸಿ, ಕೊನೆಗೆ 'ಯೋ' ಸೇರಿಸಿದರು.

"ನಮ್ಮ 'ರೀ' ಇದ್ದಂಗ ಐತ್ರಿ!" ಎಂದು ನಾಲ್ಕೈದು ಮಂದಿ ಒಟ್ಟಿಗೆ ಕೂಗಿದರು.

"ಇಂಗ್ಲಿಷ್‌ನ್ಯಾಗ ಅಜ್ಜಗೂ ತಮ್ಮಗೂ ಒಂದ ನಮೂನಿ 'ಕಮ್' ಅಂದ್ರ ಅಜ್ಜಗ ಸಿಟ್ಟು ಬರಂಗಿಲ್ಲೇನ್ರಿ?" ಎಂದು ಒಬ್ಬ ಕೇಳಿದ. ಇಂಗ್ಲಿಷಿನ ಅಜ್ಜಂದಿರ ಬಗ್ಗೆ ನಮಗೆಲ್ಲ ಕನಿಕರ ಹುಟ್ಟಿತು.

ಅಷ್ಟರಲ್ಲಿ ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ಭಾಳ ಛಲೋ ಆತು. ಈಗ ಅವರ ಮನಿ, ಊರು ಎಲ್ಲಾ ಇಂಗ್ಲಿಷ್‌ನ್ಯಾಗ ಕೇಳ್ರಿ ಅಕ್ಕೋರ."

ಬಾಯಿಪಾಠದ ಉಳಿದ ನಾಲ್ಕು ವಾಕ್ಯಗಳು ಎಲ್ಲಿಗೆ ಹಾರಿಹೋದವೋ! ಅತಿಥಿ ಪಾಪ, ಡಿಕ್ಷನರಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಗೊತ್ತಿಲ್ಲದ್ದನ್ನು ಅವರು ಎಲ್ಲರೆದುರು ನಾಚದೆ ಹುಡುಕುತ್ತಿದ್ದರು. ನಾನೊಬ್ಬಳೇ ಬಚ್ಚಿಟ್ಟುಕೊಂಡು ಒದ್ದಾಡುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಸರ, ನನಗ ಇಂಗ್ಲಿಷ್ ಓದಾಕ ಬರ್ತೈತಿ, ಬರಿಯಾಕ ಬರ್ತೈತಿ. ಮಾತಾಡಾಕ ಬರಂಗಿಲ್ರಿ" ಎಂದುಬಿಟ್ಟೆ.

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಮಕ್ಕಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಗ ಅದೇ ಕುರಿಯವರ ಮನೆಯ ಹುಡುಗಿ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ನಮಗ ಗೊತ್ತೈತ್ರಿ ಅಕ್ಕೋರ. ಹೊರಗ ಯಾರಿಗೂ ಹೇಳಿಲ್ರಿ ನಾವು."

ಹೌದೆಂದು ಇಡೀ ವರ್ಗ ತಲೆಯಾಡಿಸಿತು.