ಮೇಜಿನ ಮೇಲೆ ಉಳಿದ ಪತ್ರಿಕೆಗಳು

ನಮ್ಮ ಅತ್ತಿಗೆ ಗ್ರಂಥಾಲಯದ ಪತ್ರಿಕೆ ಕೋಣೆ ನೋಡಿಕೊಳ್ಳುತ್ತಾಳೆ. ನಾನು ಅದೇ ಕಟ್ಟಡದ ಬಾಗಿಲು ಕಾಯುವವನು. ಅಣ್ಣ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಅವಳ ಸಂಬಳದಲ್ಲೇ ಅವರ ಮನೆ ನಡೆಯುತ್ತಿದೆ.

ಜನರನ್ನು ಓದಿಸುವುದೆಂದರೆ ಅವಳಿಗೆ ಹಟ. ನೆರಳಿಗೆ ನಿಲ್ಲಲು ಬಂದವನ ಕೈಗೂ ಒಂದು ಪತ್ರಿಕೆ ತುರುಕುತ್ತಾಳೆ. ದರ್ಜಿ ಅಜ್ಜನಿಗೆ ಹೊಸ ಹೊಲಿಗೆಯ ಚಿತ್ರಗಳಿರುವ ಮಾಸಪತ್ರಿಕೆ, ಸೈಕಲ್ ರಿಪೇರಿಯವನಿಗೆ ಮೋಟಾರಿನದು. ಕಣ್ಣು ಮಂಜಾದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಅದರಲ್ಲಿ ಬರುವ ಪತ್ರಿಕೆಯ ಅಕ್ಷರ ದೊಡ್ಡದು ಮಾಡಿ ಕೊಡುತ್ತಾಳೆ. ಆದರೆ ಓದಿದ್ದನ್ನು ತೆಗೆದ ಜಾಗದಲ್ಲೇ ಇಡಬೇಕು. ಮರೆತವನನ್ನು ಎಲ್ಲರೆದುರು, "ಇದೇನು ನಿಮ್ಮ ಮಾವನ ಮನೆಯಾ?" ಎಂದು ಕೇಳುತ್ತಾಳೆ. ಹಾಗಾಗಿ ಯಾರೂ ಮರೆಯುವುದಿಲ್ಲ.

ಮೊನ್ನೆ ಬಾಗಿಲು ಹಾಕುವ ಹೊತ್ತಿಗೆ ಮೇಲಿನ ಕಚೇರಿಯ ಅಧಿಕಾರಿ ಬಂದ. ಖಾಲಿ ಮೇಜುಗಳನ್ನು ನೋಡಿ, ಇಲ್ಲಿ ಯಾರೂ ಓದುವುದಿಲ್ಲ, ಕೋಣೆ ಮುಚ್ಚಿಸುತ್ತೇನೆ ಎಂದ. ಸಂಜೆ ಮೇಜಿನ ಮೇಲೆ ಉಳಿದ ಪತ್ರಿಕೆಗಳೇ ಓದಿದ್ದರ ಲೆಕ್ಕವಂತೆ, ಕಪಾಟಿಗೆ ಮರಳಿದ್ದು ಲೆಕ್ಕಕ್ಕಿಲ್ಲವಂತೆ. ಕಂಪ್ಯೂಟರಿನಲ್ಲೂ ಒಬ್ಬರದೇ ಗುರುತು ಸಿಕ್ಕಿತು. ಬೆಳಿಗ್ಗೆ ಅತ್ತಿಗೆ ತನ್ನ ಹೆಸರಿನಲ್ಲಿ ತೆರೆದಿಟ್ಟರೆ ದಿನವಿಡೀ ಎಲ್ಲರೂ ಅದರಲ್ಲೇ ಓದುತ್ತಿದ್ದರು. ಅತ್ತಿಗೆಯ ಮುಖ ಸುಣ್ಣದಂತಾಯಿತು. ನಾಳೆ ಸಂಜೆ ಇನ್ನೊಮ್ಮೆ ನೋಡಿ ಎಂದು ಬೇಡಿಕೊಂಡಳು. ಒಲ್ಲದ ಮನಸ್ಸಿನಿಂದ ಒಪ್ಪಿ ಹೋದ.

ನಾವೇ ಒಂದಷ್ಟು ಪತ್ರಿಕೆ ಮೇಜಿನ ಮೇಲೆ ಹರಡಿಬಿಡೋಣ ಎಂದೆ.

"ಓದದೇ ಇರೋದನ್ನ ಓದಿದ್ದಾರೆ ಅಂತ ತೋರಿಸೋಕೆ ನನ್ನ ಕೈಲಾಗಲ್ಲ ಕಣೋ" ಎಂದಳು.

ಮರುದಿನ ಬಂದವರಿಗೆಲ್ಲ, ಓದಿ ಅಲ್ಲೇ ಬಿಡಿ ಎಂದು ಹೇಳಿದಳು. ಕಂಪ್ಯೂಟರಿಗೆ ಅವರವರ ಗ್ರಂಥಾಲಯ ಕಾರ್ಡಿನ ನಂಬರನ್ನೇ ಹಾಕಿಸಿದಳು. ಎಲ್ಲರೂ ತಲೆಯಾಡಿಸಿದರು. ಆದರೆ ಏಳುವಾಗ ಕೈ ಕೇಳಬೇಕಲ್ಲ. ಪತ್ರಿಕೆ ಹಿಡಿದು ನೆಟ್ಟಗೆ ಕಪಾಟಿಗೇ ನಡೆದರು. ಸಂಜೆ ಕೆಲವರು ಇನ್ನೂ ಕೂತಿದ್ದರೂ ಮೇಜುಗಳು ಮತ್ತೆ ಬೋಳು. ಗೇಟಿನಲ್ಲಿ ಅಧಿಕಾರಿಯ ಗಾಡಿ ನಿಂತಿತು.

ಆಗಲೇ ದರ್ಜಿ ಅಜ್ಜ ಪತ್ರಿಕೆ ಮಡಚಿಕೊಂಡು ಎದ್ದ. ಅತ್ತಿಗೆ ಓಡಿಹೋಗಿ ಅವನ ಮಣಿಕಟ್ಟು ಹಿಡಿದಳು.

"ಅಜ್ಜಾ, ಕಪಾಟಿಗಿಟ್ರೆ ನನ್ನ ಕೋಣೆ ಹೋಗುತ್ತೆ."

"ಬಿಟ್ರೂ ಬೈತೀಯ, ಇಟ್ರೂ ಬೈತೀಯ. ನಿನ್ನ ಗಂಡ ಅದು ಹೇಗೆ ಬಾಳ್ತಾನೋ" ಎಂದ ಅಜ್ಜ. ಅವಳ ಕಣ್ಣು ನೋಡಿದ. ಪತ್ರಿಕೆಯನ್ನು ಮೇಜಿನ ಮೇಲಿಟ್ಟ. ಆಮೇಲೆ ಕಪಾಟಿಗೆ ಹೋಗಿ, ಮಧ್ಯಾಹ್ನ ಓದಿಟ್ಟದ್ದನ್ನೂ ಹುಡುಕಿ ತಂದಿಟ್ಟ. ಅವನನ್ನು ನೋಡಿ ಉಳಿದವರೂ ಎದ್ದರು. ತಾವು ಓದಿದ್ದನ್ನು ಒಬ್ಬೊಬ್ಬರಾಗಿ ತರತೊಡಗಿದರು.

ಅಧಿಕಾರಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದ. ಇದೇನು ನಾಟಕ ಎಂದು ಸೈಕಲ್ ರಿಪೇರಿಯವನನ್ನು ಗದರಿದ, ಓದಿದ್ದೇನು ಹೇಳು ಎಂದ. ಅವನು ಮೋಟಾರಿನ ಸುದ್ದಿ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಕಡೆಗೆ ಅಧಿಕಾರಿಯೇ ಕೈ ಎತ್ತಿ ಸಾಕು ಮಾಡಿಸಿದ. ಕಂಪ್ಯೂಟರಿನಲ್ಲಿ ಬೇರೆ ಬೇರೆಯವರ ಗುರುತುಗಳ ಸಾಲೇ ಇತ್ತು. ಅದನ್ನು ಎರಡು ಸಲ ನೋಡಿದ.

"ಈ ವರ್ಷ ಇರಲಿ. ಮುಂದಿನ ವರ್ಷ ನೋಡೋಣ" ಎಂದು ಹೊರಟ.

ಅತ್ತಿಗೆ ಕುರ್ಚಿಯಲ್ಲಿ ಕುಸಿದಳು. ಅಣ್ಣನಿಗೆ ನೀನೇ ಹೇಳು ಎಂದು ಫೋನನ್ನು ನನ್ನ ಕೈಗಿಟ್ಟಳು. ನಾನೇ ಮಾಡಿದೆ.