ಸಾಕ್ಷಿಗಾಗಿ ಗುಳಿಗೆ ಬಿಟ್ಟ ಅಯ್ಯನವರು

ಕೊರೋನಾ ಹಾವಳಿ ತಗ್ಗಿದ ಮರುವರ್ಷ ನಾನು ಒಂದು ದತ್ತಿ ಸಂಸ್ಥೆಯ ಪ್ಯಾಲಿಯೇಟಿವ್ ಕೇರ್ ವಿಭಾಗದಲ್ಲಿ ಹಿರಿಯ ನರ್ಸ್ ಆಗಿದ್ದೆ. ಪ್ಯಾಲಿಯೇಟಿವ್ ಕೇರ್ ಎಂದರೆ ರೋಗ ವಾಸಿಯಾಗದು ಎಂದು ಖಚಿತವಾದ ಮೇಲೆ ರೋಗಿಯ ನೋವನ್ನಾದರೂ ತಗ್ಗಿಸುವ ಆರೈಕೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಮನೆಗೆ ಜೀಪಿನಲ್ಲಿ ಹೋಗುತ್ತಿದ್ದೆವು. ಜೀಪು ಕೆಟ್ಟ ದಿನ ಬಸ್ಸು. ಜೀಪು ಕೆಡುತ್ತಿದ್ದುದೇ ಹೆಚ್ಚು. ನಾವು ಯಾರ ಬಾಗಿಲಿಗೆ ಬಂದರೂ ಓಣಿಯವರಿಗೆ ಅರ್ಥವಾಗುತ್ತಿತ್ತು. ‘ಯಮನ ಬೀಗರು ಬಂದ್ವಿ’ ಎಂದು ನಮ್ಮ ಡ್ರೈವರನೇ ನಗೆಯಾಡುತ್ತಿದ್ದ.

ಹಿರೇಕೆರೂರಿನಲ್ಲಿ ನಮಗೆ ಸಿಕ್ಕವರು ಜೀವರತ್ನ ಅಯ್ಯನವರು. ಅಲ್ಲಿನ ಪುಟ್ಟ ಕ್ರೈಸ್ತ ಸಭೆಗೆ ಬಹುಕಾಲ ಪಾದ್ರಿಯಾಗಿದ್ದು ನಿವೃತ್ತರಾದವರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬೆನ್ನಿನ ನರಗಳಿಗೆ ಹಬ್ಬಿತ್ತು. ಆ ನೋವು ಕಂಡವರಿಗೇ ಗೊತ್ತು; ಮನುಷ್ಯ ಮಲಗಲಾರ, ಕೂರಲಾರ. ಡಾಕ್ಟರು ಮಾರ್ಫಿನ್ ಗುಳಿಗೆ ಬರೆದುಕೊಟ್ಟರು. ಮರುವಾರ ಹೋದರೆ ಗುಳಿಗೆಯ ಪಟ್ಟಿ ಒಡೆಯದೆ ಕಿಟಕಿಯಲ್ಲಿ ಹಾಗೇ ಇತ್ತು. ಅಯ್ಯನವರು ದಿಂಬು ಕಚ್ಚಿಕೊಂಡು ಬೆವರುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಅವರ ಹೆಂಡತಿ ಸುಗಂಧಮ್ಮ ನನ್ನನ್ನು ಅಡುಗೆಮನೆಗೆ ಕರೆದು ಕಾರಣ ಹೇಳಿದರು. ಅವರ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ: ದೇವರು ತನಗೆ ಏನು ಮಾಡಿದ ಎಂದು ಎಲ್ಲರೆದುರು ಹೇಳುವುದು. ಸಾಯುವವರ ಸಾಕ್ಷಿಗೆ ಬೆಲೆ ಹೆಚ್ಚು. ಬರುವ ಭಾನುವಾರ ಸಭೆಯವರೆಲ್ಲ ಮನೆಗೆ ಬರುತ್ತಾರೆ. ಅಲ್ಲಿಯತನಕ ತಲೆ ಮಂಪರಾಗಬಾರದೆಂದು ಅಯ್ಯನವರು ಗುಳಿಗೆ ಬಿಟ್ಟಿದ್ದರು.

ಮಂಪರು ಮೊದಲ ಕೆಲವು ದಿನ ಮಾತ್ರ, ಆಮೇಲೆ ತಲೆ ತಿಳಿಯಾಗುತ್ತದೆ ಎಂದು ವಾದಿಸಿದೆ. ಅವರು ಕೇಳಲಿಲ್ಲ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು ಪಕ್ಕದಲ್ಲಿ ಕುಳಿತೆ. ನಾನು ಸವಣೂರಿನ ಮುಸಲ್ಮಾನರ ಮನೆಯವಳು, ಮಾಬೂಬಿ. ಅವರ ಧರ್ಮದ ಒಳಹೊರಗು ನನಗೆ ತಿಳಿಯದು. ನೇರವಾಗಿ ಕೇಳಿಬಿಟ್ಟೆ:

“ಇಷ್ಟು ತ್ರಾಸು ತಗೊಂಡು ಏನು ಸಾಕ್ಷಿ ಹೇಳವ್ರದೀರಿ?”

“ರಕ್ಷಣೆ ಸಿಕ್ಕೈತಿ ಅಂತ ಹೇಳಬೇಕವ್ವ.”

ಪಾಪದಿಂದ, ಸಾವಿನಿಂದ ದೇವರು ನಮ್ಮನ್ನು ಬಿಡಿಸುವುದೇ ರಕ್ಷಣೆ ಎಂದರು. ಅದು ನಮ್ಮ ಪುಣ್ಯಕ್ಕೆ ಸಿಗುವ ಕೂಲಿಯಲ್ಲ. ಯೇಸು ಶಿಲುಬೆಯ ಮೇಲೆ ಸತ್ತು ಕೊಟ್ಟದ್ದು, ಬಿಟ್ಟಿ ಬಂದದ್ದು. ಚಿಕ್ಕವರಿದ್ದಾಗ ಅವರು ಹಿರೇಬೆಂಡಿಗೇರಿಯಲ್ಲಿ ಅಪ್ಪನ ಜೊತೆ ತುಂಬಿದ ಹಳ್ಳ ದಾಟುತ್ತಿದ್ದರಂತೆ. “ಹುಡುಗರು ಬೆರಳು ಹಿಡಕೊಂಡ್ರ ಜಾರತಾವು. ಅಪ್ಪ ನನ್ನ ಮಣಿಕಟ್ಟು ಹಿಡೀತಿದ್ದ. ನಾ ಬಿಟ್ರೂ ಅಂವ ಬಿಡ್ತಿದ್ದಿಲ್ಲ. ರಕ್ಷಣೆ ಅಂದ್ರ ಇಷ್ಟ.” ಈ ಮಾತನ್ನು ಎಷ್ಟೋ ಭಾನುವಾರ ಹೇಳಿದ್ದರೆಂದು ಹೇಳುವ ಧಾಟಿಯಿಂದಲೇ ತಿಳಿಯುತ್ತಿತ್ತು.

ನಮ್ಮಲ್ಲಿ ಮಾಡಿದ ಒಳ್ಳೆಯದು ಕೆಟ್ಟದ್ದನ್ನೆಲ್ಲ ದೇವರು ತಕ್ಕಡಿಗೆ ಹಾಕುತ್ತಾನೆಂದು ಕೇಳಿ ಬೆಳೆದವಳು ನಾನು. ಬಿಟ್ಟಿ ಎಂದರೆ ನನಗೆ ಸುಲಭಕ್ಕೆ ಒಪ್ಪಿಗೆಯಾಗದು. ಆದರೂ ಆ ಅಪ್ಪ ನನಗೆ ಹಿಡಿಸಿದ. “ಹಂಗಾದ್ರ ಅಂವ ಹಿಡದಾನಂತ ನಿಮಗ ಗೊತ್ತಾದ್ರೇನು, ಆಗದಿದ್ರೇನು? ಗುಳಿಗಿ ತಗೊಂಡು ಮಕ್ಕೊಳ್ರಿ” ಎಂದೆ.

ಅಯ್ಯನವರು ನಕ್ಕರು. “ನೀ ಪಾದ್ರಿ ಆಗಬೇಕಿತ್ತು ನೋಡು.” ನಗು ಮುಗಿಯುವ ಮೊದಲೇ ನೋವು ಬಂದು ಮುಖ ಕಿವುಚಿತು. ಅದು ಇಳಿದ ಮೇಲೆ ಮೆಲ್ಲಗೆ ಹೇಳಿದರು: “ಹಿಡದಾರಂತ ಮೈಗೆ ಗೊತ್ತಾಗಬೇಕಲ್ಲವ್ವ. ನನಗ ಗೊತ್ತಾಗವಲ್ದು. ಸಾಯೋರಿಗೆಲ್ಲ ನಾನ ಹೋಗಿ ಕೇಳೀನಿ, ರಕ್ಷಣೆಯ ನಿಶ್ಚಯ ಐತೇನು ಅಂತ. ಎಲ್ಲಾರೂ ಐತ್ರಿ ಅಂದ್ರು. ಖರೇನ ಇತ್ತೋ, ಪಾದ್ರಿ ಮನಸ್ಸು ನೋಯಬಾರ್ದಂತ ಅಂದ್ರೋ.”

ನನ್ನ ಚೀಲದಲ್ಲಿ ಇದಕ್ಕೆ ಔಷಧಿ ಇರಲಿಲ್ಲ. ಅವರು ಕಾಯುತ್ತಿದ್ದುದು ಸಭೆಗಾಗಿ ಅಲ್ಲ ಎಂದು ಆಗ ಅರ್ಥವಾಯಿತು. ಭಾನುವಾರದೊಳಗೆ ಆ ಹಿಡಿತ ತಿಳಿದೀತು, ತಿಳಿಯುವ ಹೊತ್ತಿಗೆ ತಾನು ಎಚ್ಚರವಿರಬೇಕು, ಅಷ್ಟೇ ಅವರ ಆಸೆ.

ಭಾನುವಾರ ನನಗೆ ರಜೆ. ಆದರೂ ಸವಣೂರಿನಿಂದ ಬಸ್ಸು ಹಿಡಿದು ಹೋದೆ. ಪಡಸಾಲೆ ತುಂಬಿತ್ತು. ಹಾಡು ಮುಗಿದ ಮೇಲೆ ಸಭೆಯ ಹಿರಿಯರಾದ ಪ್ರಕಾಶಪ್ಪನವರು ಬಾಗಿ ಕೇಳಿದರು: “ಅಯ್ಯನವರ, ರಕ್ಷಣೆಯ ನಿಶ್ಚಯ ಐತಲ್ರಿ?”

ಅಯ್ಯನವರು ಎಲ್ಲರ ಮುಖ ನೋಡಿದರು. “ಇಲ್ಲಪ್ಪ. ಕರದೆ, ಕರದೆ. ಯಾರೂ ಓ ಅನ್ನವಲ್ರು.”

ಯಾರೋ ಕೆಮ್ಮಿದರು. ಹಿಂದೆ ಒಬ್ಬಾಕೆ ಅಳತೊಡಗಿದಳು. ಪ್ರಕಾಶಪ್ಪನವರು ಥಟ್ಟನೆ ಕಣ್ಣು ಮುಚ್ಚಿ, ನಿನ್ನ ಸೇವಕನಿಗೆ ಕೊಟ್ಟ ಸಮಾಧಾನಕ್ಕಾಗಿ ಸ್ತೋತ್ರ ಎಂದು ದೊಡ್ಡ ದನಿಯಲ್ಲಿ ಪ್ರಾರ್ಥನೆ ಶುರುಮಾಡಿಬಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದರು. ಅದು ತಿಳಿದೂ ನನಗೆ ಅವರ ಬಾಯಿ ಮುಚ್ಚಬೇಕೆನಿಸಿತು. ಆ ಕೆಲಸ ಸುಗಂಧಮ್ಮ ಮಾಡಿದರು.

“ಸಾಕ್ರಿ. ಎಲ್ಲಾರೂ ಮನಿಗೆ ನಡೀರಿ. ಸಿಸ್ಟರ್, ಗುಳಿಗಿ ಕೊಡ್ರಿ.”

ಅಯ್ಯನವರು ಗುಳಿಗೆಗೆ ಬಾಯಿ ತೆರೆದರು. ಇನ್ನು ಎಚ್ಚರವಿದ್ದು ಕಾಯುವಂಥದ್ದು ಅವರಿಗೆ ಏನೂ ಉಳಿದಿರಲಿಲ್ಲ. ನೋವು ಇಳಿಯಿತು, ನಾನು ಗೆದ್ದೆ. ಅಂಥ ಗೆಲುವು ಯಾವ ನರ್ಸಿಗೂ ಬೇಡ.

ಆ ವಾರದಲ್ಲೇ ಒಂದು ಮಧ್ಯಾಹ್ನ ಮತ್ತೆ ಹೋದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಸುಗಂಧಮ್ಮ ನೀರು ತರಲು ಒಳಗೆ ಹೋದರು. ನಾನು ನಾಡಿ ನೋಡಲು ಅವರ ಮಣಿಕಟ್ಟು ಹಿಡಿದೆ. ಮುಚ್ಚಿದ ಕಣ್ಣಿನಲ್ಲೇ ಅವರ ಮುಖ ಬೆಳಗಿತು.

“ಯಾರು ಹಿಡದೀರಿ?”

“ನಾನ್ರಿ, ಮಾಬೂಬಿ. ನಾಡಿ ನೋಡಾಕತ್ತೇನಿ.”

“ಹೌದಾ…” ಎಂದರು. ಮುಖ ಮತ್ತೆ ಮೊದಲಿನಂತಾಯಿತು. ಅದೇ ಅವರ ಕೊನೆಯ ಮಾತು. ಸುಗಂಧಮ್ಮ ಚಮಚದಲ್ಲಿ ಹಾಕಿದ ನೀರು ಗಂಟಲಿಗೆ ಇಳಿಯಲಿಲ್ಲ.

ಮಣ್ಣು ಮಾಡುವ ದಿನ ಪ್ರಕಾಶಪ್ಪನವರು, ಅಯ್ಯನವರು ಪೂರ್ಣ ನಿಶ್ಚಯದಿಂದ ಕಣ್ಣುಮುಚ್ಚಿದರೆಂದು ಹೇಳಿದರು. ಪಡಸಾಲೆಯಲ್ಲಿ ಕೂತು ಕಿವಿಯಾರೆ ಕೇಳಿದವರೇ ತಲೆದೂಗಿದರು. ಸುಗಂಧಮ್ಮ ನನ್ನನ್ನು ಬದಿಗೆ ಕರೆದು ಕೇಳಿದರು: “ನಾ ಒಳಗ ಹೋದಾಗ ಏನರ ಅಂದ್ರೇನ್ರಿ?”

ನಡೆದದ್ದನ್ನು ನಡೆದಂತೆ ಹೇಳಿದೆ. ಅಪ್ಪನ ಕೈ ಅಂದುಕೊಂಡಿದ್ದರೇನೋ ಎಂದು ನಾನು ಹೇಳಬೇಕಾಗಲಿಲ್ಲ. ಹಳ್ಳದ ಕಥೆ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು. “ನೀವು ಸುಳ್ಳು ಹೇಳಲಿಲ್ಲಲ್ಲ, ಚಲೋ ಆತು,” ಎಂದರು. “ಅವ್ರೂ ಹೇಳಲಿಲ್ಲ.”

ನೋವನ್ನು ಅಳೆಯಬಹುದು, ಅದಕ್ಕೆ ತಕ್ಕ ಗುಳಿಗೆ ಕೊಡಬಹುದು ಎಂದು ಈ ವೃತ್ತಿ ನನಗೆ ಕಲಿಸಿತ್ತು. ಅದರಾಚೆ ಏನೂ ನಮ್ಮ ಕೈಯಲ್ಲಿಲ್ಲ ಎಂದು ಕಲಿಸಿದವರು ಅಯ್ಯನವರು. ಅವರ ನಂತರ ನಿವೃತ್ತಿಯತನಕ ನಾನು ಯಾರ ಮಣಿಕಟ್ಟನ್ನೂ ನಾಡಿ ನಿಂತ ಕೂಡಲೇ ಬಿಟ್ಟಿಲ್ಲ. ನಾನು ಬಿಟ್ಟ ಮೇಲೆ ಯಾರಾದರೂ ಹಿಡಿಯುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.